ತವರಿಗೆ ಹೇಳದ ಗುಳಿಗೆ

"ಗುಳಿಗಿ ಯಾಕ ಬಿಟ್ರಿ?"

ಗೋಕಾಕದ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ನನ್ನ ತಮ್ಮ ಬಸುವನ್ನು ಕೇಳಿದರು. ಹಿಂದಿನ ದಿನವಷ್ಟೇ ಅವನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಮೂಗಿಗೆ ನಳಿಗೆ, ಕೈಗೆ ಸಲೈನ್. ಬಸು ಸಲೈನ್ ಇಲ್ಲದ ಕೈ ಎತ್ತಿ, ಮಂಚದ ಕಾಲ ಹತ್ತಿರ ನಿಂತಿದ್ದ ನನ್ನನ್ನು ತೋರಿಸಿದ.

"ನಮ್ಮಕ್ಕಗ ಇಲ್ರಿ. ಒಂದ ಹೊಟ್ಯಾಗ ಹುಟ್ಟಿದವ್ರು ನಾವು. ಅಕಿಗಿ ಇಲ್ಲಂದ್ರ ನನಗ ಹೆಂಗ ಇರತೈತ್ರಿ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನನ್ನ ಹೆಗಲ ಬ್ಯಾಗಿನಲ್ಲಿ, ಅಳತೆ ಟೇಪಿನ ಕೆಳಗೆ, ಅವನು ಬಿಟ್ಟ ಅದೇ ಗುಳಿಗೆಯ ಪಟ್ಟಿ ಇತ್ತು. ನಾನು ತಪ್ಪದೆ ನುಂಗುತ್ತಿದ್ದ ಗುಳಿಗೆ.

(ಎರಡು ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ನಿಮ್ಮಲ್ಲಿ ಕೆಲವರು ಹುಕ್ಕೇರಿಯ ನನ್ನ ಹೊಲಿಗೆ ಅಂಗಡಿಗೇ ಬಂದು ಕೇಳಿದಿರಿ. ಮದುವೆ ಸೀಜನ್ನು, ಬ್ಲೌಸು ಬಹಳ ಇದ್ದವು ಅಂದೆ. ಅದೂ ಸುಳ್ಳು.)

ಮೊದಲಿನಿಂದ ಹೇಳುತ್ತೇನೆ.

ನಮ್ಮಪ್ಪ ರಾಶಿ ಮಾಡುವಾಗ ಎದೆ ಹಿಡಿದುಕೊಂಡು ಕಣದಲ್ಲಿ ಕೂತವನು ಮತ್ತೆ ಏಳಲಿಲ್ಲ. ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಕೆಲವು ವರ್ಷಗಳ ಮೇಲೆ ಅಪ್ಪನ ತಮ್ಮ, ನಮ್ಮ ಕಾಕಾ ಕೂಡ ಹಾಗೆಯೇ ಹೋದ. ಊರವರು ದೃಷ್ಟಿ ಅಂದರು, ಗಾಳಿ ಬಡಿಯಿತು ಅಂದರು. ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು. ಬಸು ಹತ್ತನೇ ಫೇಲು. ಊರವರು ಹೇಳಿದ್ದೇ ನಮಗೆ ಖರೆ.

ಬಸು ತುಕ್ಕಾನಟ್ಟಿಯಲ್ಲಿ ಹೊಲ ನೋಡಿಕೊಂಡು, ಸೀಜನ್ನಿನಲ್ಲಿ ತನ್ನ ಟ್ರ್ಯಾಕ್ಟರಿನಲ್ಲಿ ಫ್ಯಾಕ್ಟರಿಗೆ ಕಬ್ಬು ಸಾಗಿಸುತ್ತಿದ್ದ. ಆಳು ಒಣ ಕಟ್ಟಿಗೆಯಂತೆ ಸಣಕಲು. ಮೂಡಲಗಿಯಲ್ಲಿ ತಪಾಸಣೆ ಶಿಬಿರ ಹಾಕಿದಾಗ, ಗೆಳೆಯರ ಸಂಗಡ ಚೇಷ್ಟೆಗೆಂದು ಹೋಗಿ ರಕ್ತ ಕೊಟ್ಟ. ಕೊಲೆಸ್ಟ್ರಾಲ್ ಸಿಕ್ಕಾಪಟ್ಟೆ ಎಂದು ಬಂತು. "ಜೋಡಿ ಬಂದ ಡುಮ್ಮಂದ ನಾರ್ಮಲ್, ನಂದ ಹೈ! ಬಾಟ್ಲಿ ಅದಲಿಬದಲಿ ಮಾಡ್ಯಾರ" ಎಂದು ನಗಾಡಿದ. ಗೋಕಾಕದ ಡಾಕ್ಟರು ಗುಳಿಗೆ ಬರೆದರು. ನೆನಪಾದರೆ ನುಂಗುವನು, ಇಲ್ಲದಿದ್ದರೆ ಇಲ್ಲ.

ನೋವಿಲ್ಲ, ಜ್ವರವಿಲ್ಲ, ಸುಸ್ತಿಲ್ಲ. ಏನೂ ಆಗದ ಮನುಷ್ಯ ದಿನಾ ಗುಳಿಗೆ ಯಾಕೆ ನುಂಗಬೇಕು? ನೀವಾದರೂ ನುಂಗುತ್ತೀರಾ?

ಅಪ್ಪನ ಸಂಗತಿ, ಕಾಕಾನ ಸಂಗತಿ ಕೇಳಿ ತಿಳಿದುಕೊಂಡ ಮೇಲೆ ಡಾಕ್ಟರು ಅವನಿಗೆ ಜೀನ್ ಟೆಸ್ಟ್ ಮಾಡಿಸಿದರು. ರಕ್ತ ದೊಡ್ಡ ಊರಿಗೆ ಹೋಯಿತು. ಬಹಳ ದಿನದ ಮೇಲೆ ರಿಪೋರ್ಟ್ ಬಂತು. "ಬಸವರಾಜ, ಇದು ನೀವ ತಿಂದ ಬೆಣ್ಣಿಯಿಂದ ಬಂದದ್ದಲ್ಲ. ಹುಟ್ಟಿನಿಂದ ರಕ್ತದಾಗ ಐತಿ, ನಿಮ್ಮಪ್ಪಾರ ಕಡಿಂದ ಬಂದೈತಿ. ಜೀವ ಇರೂತನಕ ಗುಳಿಗಿ ಬಿಡಬ್ಯಾಡ್ರಿ" ಅಂದರಂತೆ.

ನಾನು ಇಲ್ಲಿ ಒಂದು ಮಾತು ಒಪ್ಪಲೇಬೇಕು. ಆ ರಿಪೋರ್ಟು ಕೆಲಸ ಮಾಡಿತು. ಅಪ್ಪನ ಹೆಸರು ಬಂದದ್ದೇ ಬಸು ಬದಲಾದ. ಕಣದಲ್ಲಿ ಕೂತ ಅಪ್ಪ ಅವನಿಗೆ ನೆನಪಾದನೋ ಏನೋ. ರಾತ್ರಿ ಉಂಡು ಕೈತೊಳೆದ ಕೂಡಲೇ ಗುಳಿಗೆ. ಅವನ ಹೆಂಡತಿ ಸುನಂದಾ ಫೋನಿನಲ್ಲಿ ನಕ್ಕಳು: "ಹಣಿಗೆ ಈಬತ್ತಿ ಹಚ್ಚೂದ ಮರೀತಾರ ಖರೆ, ಗುಳಿಗಿ ಮರಿಯಂಗಿಲ್ರೀ ಅಕ್ಕಾರ."

ಒಡಹುಟ್ಟಿದವರೂ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ಅವನಿಗೆ ಒಡಹುಟ್ಟಿದವಳು ನಾನೊಬ್ಬಳೇ. ಶುರುವಾಯಿತು ಕಾಟ.

"ಅಕ್ಕಾ, ರಕ್ತ ಕೊಟ್ಟೇನ?"

"ನಾಳೆ ಕೊಡ್ತೀನೋ."

"ನಿನ್ನ ನಾಳೆ ಗೊತ್ತೈತಿ, ಗಿರಾಕಿಗೆ ಬ್ಲೌಸ್ ಕೊಡೂ ನಾಳೆ. ನೀ ಸತ್ತಗಿತ್ತರ ಪಂಚಮಿಗಿ ನಾ ಯಾರನ್ನ ಕರ್ಕೊಂಡ ಬರ್ಲಿ?"

ಹುಕ್ಕೇರಿಯ ಡಾಕ್ಟರ ಹತ್ತಿರವೇ ರಕ್ತ ಕೊಟ್ಟೆ. ರಿಪೋರ್ಟು ಬಂತು. ಬಸುಗೆ ಇದ್ದದ್ದೇ ನನಗೂ. ಅದೇ ದೋಷ, ಅದೇ ಗುಳಿಗೆ. ದವಾಖಾನೆಯ ಮೆಟ್ಟಿಲು ಇಳಿಯುತ್ತಿದ್ದೆ, ಅವನ ಫೋನು.

"ಏನ್ ಬಂತ ಅಕ್ಕಾ?"

"ಏನೂ ಇಲ್ಲೋ. ನಾ ಆರಾಮ ಅದೀನಿ."

ಯಾಕೆ ಹಾಗೆ ಅಂದೆ? ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಿಗೆ ತಾನೇ ಬಂತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ಗೊತ್ತು. ಕೊಟ್ಟ ಹೆಣ್ಣು ತವರಿಗೆ ಸುಖದ ಸುದ್ದಿಯನ್ನಷ್ಟೇ ಒಯ್ಯಬೇಕು. ತಲೆನೋವು ಅಂದರೂ ಸಾಕು, "ಅಲ್ಲಿ ಚೊಲೋ ನೋಡ್ಕೊಳ್ಳಂಗಿಲ್ಲೇನವಾ?" ಎಂದು ಓಣಿಯೆಲ್ಲ ಕೇಳುತ್ತದೆ. ಅವ್ವ ಇದ್ದಾಗ ನನ್ನನ್ನು ಬಸ್ ಹತ್ತಿಸುವಾಗಲೆಲ್ಲ ಹೇಳುತ್ತಿದ್ದಳು: "ಗಂಡನ ಮನಿ ಬ್ಯಾನಿ ತವರಿಗೆ ಹೊತ್ಕೊಂಡ ಬರಬಾರ್ದು ನೋಡ."

ಆದರೆ ಇದು ಗಂಡನ ಮನೆಯ ಬೇನೆಯೇ ಅಲ್ಲವಲ್ಲ! ತವರಿನಿಂದಲೇ ನನ್ನ ಸಂಗಡ ಬಂದದ್ದು. ಪಾತ್ರೆ, ಹಾಸಿಗೆ, ಸೀರೆಯ ಜೊತೆ ಇದನ್ನೂ ಬಳುವಳಿ ಕೊಟ್ಟಿದ್ದರು. ಅಷ್ಟು ಬುದ್ಧಿ ಆಗ ನನಗೆ ಹೊಳೆಯಲಿಲ್ಲ.

ನಾಗರ ಪಂಚಮಿಗೆ ಬಸು ಬಂದ, ತವರಿಗೆ ಕರೆದುಕೊಂಡು ಹೋದ. ತುಕ್ಕಾನಟ್ಟಿಯ ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಡಾಣಿ ಉಂಡಿ. ಸುನಂದಾ ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದಳು.

"ಅಕ್ಕಾರ, ನೀವರ ಹೇಳ್ರಿ. ಗುಳಿಗಿ ಬಿಟ್ಟ ಬಿಟ್ಟಾರ."

"ಯಾವಾಗಿಂದ?"

"ನಿಮ್ಮ ಟೆಸ್ಟಿನ್ಯಾಗ ಏನೂ ಬರಲಿಲ್ಲಲ್ರಿ, ಆವಾಗಿಂದ."

ಹೊರಗೆ ಬಂದೆ. ಬಸು ಪಡಸಾಲೆಯಲ್ಲಿ ಜೋಕಾಲಿಗೆ ಹಗ್ಗ ಬಿಗಿಯುತ್ತಿದ್ದ. ಬಾಜೂ ಮನೆಯವರು, ಬೀಗರು, ಎಲ್ಲರೂ ಇದ್ದರು.

"ಯಾಕೋ, ಗುಳಿಗಿ ಬಿಟ್ಟಿಯಂತ?"

"ಅಕ್ಕಾ, ಒಂದ ಬಳ್ಳಿ ಕಾಯಿ ನಾವು. ನಿನಗಿಲ್ಲ, ನನಗೊಬ್ಬಾವ್ಗ ಎಲ್ಲಿಂದ ಬರ್ತೈತಿ? ನಾ ಮೊದಲ ಹೇಳಿದ್ನಿ, ಬಾಟ್ಲಿ ಅದಲಿಬದಲಿ ಆಗೈತಿ."

"ಡಾಕ್ಟರ್ ಹೇಳ್ಯಾರಂದ್ರ ತಗೋಬೇಕಪಾ."

"ಗುಳಿಗಿ ಇರ್ಲಿ, ನೀ ಉಂಡಿ ತಗೋ!" ಎಂದು ನನ್ನ ಬಾಯಿಗೇ ತುರುಕಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಂದೇ ಒಂದು ಮಾತು ಸಾಕಾಗಿತ್ತು. "ನನಗೂ ಐತೋ" ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಇಷ್ಟು ಮಂದಿಯ ಮುಂದೆ ಬೇಡ, ಸಂಜೆಗೆ ಹೇಳೋಣ ಅಂದುಕೊಂಡೆ. ಸಂಜೆಗೆ, ಹಬ್ಬದ ದಿನ ಯಾಕೆ, ಹುಕ್ಕೇರಿಗೆ ಹೋಗಿ ಫೋನಿನಲ್ಲಿ ಹೇಳೋಣ ಅಂದುಕೊಂಡೆ. ಊಟವಾದ ಮೇಲೆ ಬಚ್ಚಲಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ನನ್ನ ಗುಳಿಗೆ ನುಂಗಿದೆ. ಅವನ ಮನೆಯ ನೀರಿನಿಂದಲೇ.

ಹುಕ್ಕೇರಿಗೆ ಬಂದು ಫೋನೂ ಮಾಡಿದೆ. ಮಳೆಯ ಮಾತಾಡಿದೆ, ಮೆಕ್ಕೆಜೋಳದ ಮಾತಾಡಿದೆ, ಇಟ್ಟೆ.

ಆಮೇಲೆ ಕಬ್ಬಿನ ಸೀಜನ್ನು. ಫ್ಯಾಕ್ಟರಿಯ ಮುಂದೆ ಪಾಳಿ ಹಚ್ಚಿ ನಿಂತಾಗ ಮುಂಜಾನೆ ಬಸುಗೆ ಎದೆ ಹಿಂಡಿ ಬಂತು. ಅಸಿಡಿಟಿ ಎಂದು ಸೋಡಾ ಕುಡಿದ. ಹಿಂದಿನ ಟ್ರ್ಯಾಕ್ಟರಿನ ಡ್ರೈವರ್, ಅವನು ಬೆವರಿನಲ್ಲಿ ತೊಯ್ದದ್ದು ನೋಡಿ ಹೌಹಾರಿ, ಸಿಕ್ಕ ಗಾಡಿಯಲ್ಲಿ ಹಾಕಿಕೊಂಡು ಗೋಕಾಕಕ್ಕೆ ತಂದ. ಅವನು ನೋಡದೇ ಹೋಗಿದ್ದರೆ ನಾನು ಇವತ್ತು ಬೇರೆ ಏನನ್ನೋ ಬರೆಯುತ್ತಿದ್ದೆ. ಅಥವಾ ಬರೆಯುತ್ತಲೇ ಇರಲಿಲ್ಲ.

ಜೀವ ಉಳಿಯಿತು. ಆದರೆ ಹೃದಯದ ಒಂದು ಭಾಗ ಸೋತಿದೆ, ಇನ್ನು ಭಾರ ಎತ್ತುವ ಮಾತು ಬೇಡ ಅಂದಿದ್ದಾರೆ. ಒಂದು ಕೈಯಲ್ಲಿ ಗೊಬ್ಬರದ ಚೀಲ ಎತ್ತಿ ಒಗೆಯುತ್ತಿದ್ದವನು ಈಗ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ.

ಅವತ್ತು ಅವನು ನನ್ನತ್ತ ಕೈ ತೋರಿಸಿದಾಗ ಡಾಕ್ಟರು ಏನೆಂದರು ಗೊತ್ತೇ? "ಅಕ್ಕಗ ಇಲ್ಲದಿದ್ರೂ ನಿಮಗ ಇರಬಹುದು. ಒಬ್ಬರಿಗೆ ಬಂದು ಒಬ್ಬರಿಗೆ ಬಿಡಬಹುದು. ಅವರ ರಿಪೋರ್ಟ್ ನೋಡಿ ನೀವ ಗುಳಿಗಿ ಬಿಡೂದಂದ್ರೇನು?" ಅಂದರೆ ನನ್ನ ಸುಳ್ಳು ನಿಜವೇ ಆಗಿದ್ದರೂ ಅವನು ಗುಳಿಗೆ ಬಿಡುವಂತಿರಲಿಲ್ಲ. ಈ ಮಾತು ಕೇಳಿ ನನ್ನ ಎದೆ ಒಂದು ಗಳಿಗೆ ಹಗುರಾಯಿತು. ತಪ್ಪು ನನ್ನೊಬ್ಬಳದಲ್ಲ ಅನಿಸಿತು. ಆಮೇಲೆ ನಾಚಿಕೆಯಾಯಿತು. ತಮ್ಮ ಸಲೈನ್ ಹಚ್ಚಿಕೊಂಡು ಮಲಗಿರುವಾಗ ನಾನು ತಪ್ಪಿನ ಪಾಲು ಹಂಚುತ್ತಿದ್ದೆ.

ಡಾಕ್ಟರು ಹೊರಗೆ ಹೋದರು. ಸುನಂದಾ ಮೋಸಂಬಿ ಸುಲಿಯುತ್ತ ಕೂತಿದ್ದಳು. ನಾನು ಬ್ಯಾಗಿನಿಂದ ಪಟ್ಟಿ ತೆಗೆದು ಹಾಸಿಗೆಯ ಮೇಲಿಟ್ಟೆ.

ಬಸು ಹೊರಳಿಸಿ ನೋಡಿದ. "ಇದು ನಂದಲ್ಲೇನ?"

"ನಂದು."

ಅವನಿಗೆ ತಿಳಿಯಲು ಹೊತ್ತು ಹಿಡಿಯಿತು.

"ಪಂಚಮಿಗಿ ಬಂದಾಗೂ ತಗೋತಿದ್ದೆ?"

"ಹೂಂ."

"ನಮ್ಮ ಮನ್ಯಾಗ?"

"ಹೂಂ."

ಸುನಂದಾ ಮೋಸಂಬಿ ತಟ್ಟೆಯಲ್ಲಿಟ್ಟಳು. "ಅಕ್ಕಾರ, ನಿಮ್ಮ ಕಾಲ ಬೀಳೂದೊಂದ ಬಿಟ್ಟಿದ್ನೆಲ್ರಿ ಅವತ್ತ. ಅಡಗಿ ಮನ್ಯಾಗ ನಾವಿಬ್ಬರ ಇದ್ದಿವಿ. ನನಗೊಬ್ಬಾಕಿಗಿ ಹೇಳಿದ್ರ ನಿಮ್ಮ ಗಂಟೇನ ಹೋಗ್ತಿತ್ರಿ?"

ಬಸು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅವನು ಬೈಯಲಿ ಎಂದು ಬಹಳ ಹೊತ್ತು ಕಾದೆ. ಬೈಯಲಿಲ್ಲ.

ತಮ್ಮನ ಸುದ್ದಿ ಹೇಗೋ ಹಬ್ಬಿ, ಈಗ ಅಂಗಡಿಗೆ ಬಂದವರು ಕೇಳುತ್ತಾರೆ, "ಈ ಜೀನ್ ಟೆಸ್ಟ್ ಮಾಡಿಸಿದ್ರ ಉಪಯೋಗ ಐತೇನ್ರಿ? ಮಂದಿ ಗುಳಿಗಿ ನೆಟ್ಟಗ ತಗೋತಾರೇನ್ರಿ?" ಎಂದು. ನಾನು ಕಲಿತವಳಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳಬಲ್ಲೆ. ನನ್ನ ರಿಪೋರ್ಟು ಓದಿದ ದಿನದಿಂದ ನಾನು ಗುಳಿಗೆ ತಪ್ಪಿಸಿಲ್ಲ. ನನ್ನ ಸುಳ್ಳು ಕೇಳುವ ತನಕ ಬಸು ಕೂಡ ತಪ್ಪಿಸುತ್ತಿರಲಿಲ್ಲ. ದೊಡ್ಡ ಊರಿನ ಮಷೀನು ಅವನಿಗೆ ಖರೆಯನ್ನೇ ಹೇಳಿತ್ತು, ಅವನು ನಂಬಿಯೂ ಇದ್ದ. ಆದರೆ ಮಷೀನಿಗಿಂತ ಅಕ್ಕನ ಮೇಲೆ ಅವನಿಗೆ ನಂಬಿಕೆ ಹೆಚ್ಚು. ಅದಕ್ಕೆ ಯಾವ ಲ್ಯಾಬಿನವರು ಏನು ಮಾಡಲು ಬರುತ್ತದೆ? ಟೆಸ್ಟ್ ಮಾಡಿಸಿ ಅಂತಲೇ ಹೇಳುತ್ತೇನೆ. ಮಾಡಿಸಿ, ಆಮೇಲೆ ಮನೆಮಂದಿಯೆಲ್ಲ ಕೂತು ಬಾಯಿಬಿಟ್ಟು ಮಾತಾಡಿ. ನನ್ನ ಹಾಗೆ ಒಬ್ಬೊಬ್ಬರೇ ಜಾಣರಾಗಬೇಡಿ.

ಬಸು ಮನೆಗೆ ಬಂದಿದ್ದಾನೆ. ಗುಳಿಗೆ ತಪ್ಪಿಸುವುದಿಲ್ಲ. ಮಗಳ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದಾನೆ. ನನ್ನ ಮೇಲೆ ಸಿಟ್ಟಿಲ್ಲ ಎನ್ನುತ್ತಾನೆ, ನಾನೂ ಹೂಂ ಎನ್ನುತ್ತೇನೆ.

ಮೊನ್ನೆ ನನಗೆ ಜ್ವರ ಬಂದಿತ್ತು. ಯಾರಿಂದಲೋ ತಿಳಿದು ಫೋನು ಮಾಡಿದ.

"ಅಕ್ಕಾ, ಹೆಂಗದೀ?"

"ಬಿಟ್ಟೈತೋ ಜ್ವರ. ಮುಂಜಾನಿಂದ ಅಂಗಡ್ಯಾಗ ಕುಂತೀನಿ." ಖರೆಯನ್ನೇ ಹೇಳಿದ್ದೆ.

"ಮಾಮಾನ ಕೈಯಾಗ ಫೋನ್ ಕೊಡ, ಅವ್ರನ್ನ ಕೇಳ್ತೀನಿ" ಅಂದ ಬಸು.

ಫೋನನ್ನು, ಊಟದ ಡಬ್ಬಿ ಕೊಡಲು ಅಂಗಡಿಗೆ ಬಂದಿದ್ದ ನಮ್ಮ ಯಜಮಾನರ ಕೈಗೆ ಕೊಟ್ಟೆ. ಹೇಳ್ರಿ, ನಾನು ಮತ್ತೇನು ಮಾಡಬೇಕಿತ್ತು?