ಕಪ್ಪು ಬಿಳುಪು ಟಿ.ವಿ.ಯಲ್ಲಿ ಎರಡು ಹಡಗು

ಮಾತು ಬೆಳ್ಳಿ, ಮೌನ ಬಂಗಾರ ಅಂದ ಮಹಾನುಭಾವರು ಯಾರೋ ಗೊತ್ತಿಲ್ಲ. ಅವರನ್ನು ಹಿಡಿದು ತಂದು ಬಸವೇಶ್ವರನಗರದ ನನ್ನ ಗಂಡನ ಮನೆಯಲ್ಲಿ ಒಂದು ವಾರ ಇರಿಸಬೇಕಿತ್ತು. ಆ ಮನೆಯಲ್ಲಿ ಬಂಗಾರ ರಾಶಿ ರಾಶಿ ಬಿದ್ದಿತ್ತು. ನನಗೆ ಬೇಕಾಗಿದ್ದು ಬೆಳ್ಳಿ. ನನ್ನ ಮುಖ ನೋಡಿ ದಿನಕ್ಕೆ ನಾಲ್ಕು ಮಾತಾಡುವವರು ಒಬ್ಬರು ಸಿಕ್ಕಿದ್ದರೆ ಸಾಕಿತ್ತು.

ಇದು ಎಂಬತ್ತರ ದಶಕದ ನಡುವಿನ ಕಥೆ. ಮದುವೆಯಾಗಿ ಕೆಂಗೇರಿಯಿಂದ ಬಂದಿದ್ದೆ. ಮನೆಯಲ್ಲಿ ಗಂಡ, ಮಾವ, ನಾನು, ಮೂರೇ ಜನ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡನಿಗೆ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು. ಮಧ್ಯಾಹ್ನ ಉಂಡು ಹೊರಟರೆ ಅವರು ವಾಪಸ್ಸು ಬರುವಷ್ಟರಲ್ಲಿ ನನಗೆ ತೂಕಡಿಕೆ, ಅವರಿಗೆ ಸುಸ್ತು. ಬೆಳಿಗ್ಗೆ ಎದ್ದರೆ ಪೇಪರು, ಸ್ನಾನ, ಊಟ, ಮತ್ತೆ ಶಿಫ್ಟು. ಒಳ್ಳೆಯವರೇ, ಇಲ್ಲ ಅನ್ನುವುದಿಲ್ಲ. ಬೈಯುತ್ತಿರಲಿಲ್ಲ, ರೇಗುತ್ತಿರಲಿಲ್ಲ. ಆದರೆ ಗೋಡೆಯೂ ಬೈಯುವುದಿಲ್ಲವಲ್ಲ!

ಮಾವ ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ದಿನವಿಡೀ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅವರ ಕಡೆ ಮಾವನಾದವನು ಸೊಸೆಯನ್ನು ನೇರವಾಗಿ ಮಾತಾಡಿಸುವ ಪದ್ಧತಿ ಇರಲಿಲ್ಲ. ಮಧ್ಯೆ ಅತ್ತೆ ಇರಬೇಕು, ಇಲ್ಲ ಮಗ ಇರಬೇಕು. ನಮ್ಮ ಮನೆಯಲ್ಲಿ ಮಧ್ಯೆ ಇದ್ದದ್ದು ಒಂದು ಕಂಬ. "ಒಂದ್ ಲೋಟ ಕಾಫಿ ಸಿಗುತ್ತೇನೋ" ಎಂದು ಅವರು ಕಂಬಕ್ಕೆ ಹೇಳುತ್ತಿದ್ದರು. "ತರ್ತೀನಿ ಮಾವ" ಎಂದು ನಾನು ಬಾಗಿಲ ಪರದೆಗೆ ಹೇಳುತ್ತಿದ್ದೆ. ಅವರು ನಡುಮನೆಗೆ ಬಂದರೆ ನಾನು ಎದ್ದು ನಿಲ್ಲಬೇಕು. ನಾನು ವರಾಂಡಕ್ಕೆ ಹೋದರೆ ಅವರು ಪೇಪರ್ ಎತ್ತಿ ಮುಖಕ್ಕೆ ಹಿಡಿಯಬೇಕು. ಎಷ್ಟೋ ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು, ನನ್ನ ದನಿ ಇನ್ನೂ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ ನೋಡಿಕೊಂಡಿದ್ದೇನೆ. ಬೇಳೆ ಡಬ್ಬಕ್ಕೆ "ಏನಮ್ಮಾ, ಚೆನ್ನಾಗಿದೀಯಾ" ಎಂದು ಕೇಳಿದ್ದೂ ಉಂಟು.

ಆ ವರ್ಷ ಬೇಸಿಗೆಯಲ್ಲಿ ನನ್ನ ಗಂಡನ ಅಣ್ಣ ಮಸ್ಕತ್ತಿನಿಂದ ರಜೆಗೆ ಬಂದವರು ಒಂದು ವಿಡಿಯೋ ಗೇಮ್ ಬಿಟ್ಟುಹೋದರು. ಟಿಫಿನ್ ಡಬ್ಬದಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಅದರ ನೆತ್ತಿಯ ಮೇಲೊಂದು ಸೀಳು, ಅದರೊಳಗೆ ಆಟದ ಡಬ್ಬಿ ಸಿಗಿಸಬೇಕು. ಎರಡು ವೈರು, ಕೈಯಲ್ಲಿ ಹಿಡಿದು ಆಡಿಸಲು ಎರಡು ಕೋಲು. "ಮಕ್ಕಳು ಆಡಿ ಬಿಟ್ಟಿದ್ದು, ನಿಮಗೆ ಮುಂದೆ ಬೇಕಾಗುತ್ತೆ" ಎಂದು ಹೇಳಿ ನಕ್ಕರು. ಆ ಮಾತಿನ ಅರ್ಥ ಗೊತ್ತಾಗಿ ನಾನು ಒಳಗೆ ಹೋದೆ. ಅವರು ವಿಮಾನ ಹತ್ತಿದ ಮಾರನೆಯ ದಿನ, ಗಂಡ ಶಿಫ್ಟಿಗೆ ಹೊರಟ ಮೇಲೆ, ಟಿ.ವಿ.ಗೆ ಸಿಗಿಸಿ ಆಡಿಯೇಬಿಟ್ಟೆ. ಆಗೆಲ್ಲ ಟಿ.ವಿ.ಯಲ್ಲಿ ಕಾರ್ಯಕ್ರಮ ಶುರುವಾಗುತ್ತಿದ್ದದ್ದು ಸಂಜೆಯೇ. ಮಧ್ಯಾಹ್ನವೆಲ್ಲ ಅದು ನನ್ನ ಹಾಗೆಯೇ ಸುಮ್ಮನೆ ಕೂತಿರುತ್ತಿತ್ತು.

ಆಟ ಹೇಗಿತ್ತು ಎಂದು ಕೇಳಿದರೆ ನ್ಯಾಯವಾಗಿಯೇ ಹೇಳುತ್ತೇನೆ. ಮೊದಲು ದೋಷ ಹೇಳಿಬಿಡುತ್ತೇನೆ, ನನ್ನ ಸ್ವಭಾವವೇ ಹಾಗೆ. ಆಟ ಬಂದ ರಟ್ಟಿನ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಉರಿಯುವ ಗ್ರಹ, ಗಾಜಿನ ಟೋಪಿ ಹಾಕಿಕೊಂಡ ವೀರರು, ಬೆಂಕಿ ಕಾರುವ ನೌಕೆಗಳು. ಪರದೆಯ ಮೇಲೆ ಬಂದರೆ ಸೋಪಿನ ಬಿಲ್ಲೆಯಂಥ ಚೌಕಗಳು! ಅರಮನೆ ತೋರಿಸಿ ಗುಡಿಸಲು ಮಾರಿದ್ದರು. ಬೇರೆ ಲೋಕದವರು ಮೇಲಿನಿಂದ ಸಾಲಾಗಿ ಇಳಿಯುತ್ತಾರೆ, ನಾವು ಕೆಳಗಿನಿಂದ ಗುಂಡು ಹಾರಿಸಬೇಕು. ಒಂದು ದಂಡು ಮುಗಿದರೆ ಅದೇ ದಂಡು ಮತ್ತೆ, ಸ್ವಲ್ಪ ಜೋರಾಗಿ. ಅದಕ್ಕೆ ಕೊನೆಯೇ ಇಲ್ಲ. ಗೆದ್ದಿರಿ ಅಂತ ಒಂದು ದಿನವೂ ಹೇಳಲಿಲ್ಲ ಹಾಳಾದ್ದು. ನಡುವೆ ನಿಲ್ಲಿಸುವ ಗುಂಡಿಯೂ ಇಲ್ಲ. ಕುಕ್ಕರ್ ಕೂಗಿದರೆ ನನ್ನ ಹಡಗು ಹೋದ ಹಾಗೆಯೇ. ಒಂದು ಕೋಲಂತೂ ಎಡಕ್ಕೆ ತಿರುಗುವಾಗ ಹಟ ಹಿಡಿಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಪಜೀತಿ ಬಣ್ಣದ್ದು. ಕೆಂಪು ಹಡಗುಗಳು ಶತ್ರುಗಳವು, ಹಸಿರು ಹಡಗುಗಳಲ್ಲಿ ತಪ್ಪಿಸಿಕೊಂಡು ಬರುತ್ತಿರುವ ನಮ್ಮ ಜನ, ಹಸಿರನ್ನು ಹೊಡೆಯಬಾರದು ಎಂದು ರಟ್ಟಿನ ಹಿಂದೆ ಬರೆದಿತ್ತು. ನಮ್ಮ ಟಿ.ವಿ. ಕಪ್ಪು ಬಿಳುಪು. ಎರಡೂ ಬೂದಿ ಬಣ್ಣ! ದೇವರು ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ. ಮೊದಮೊದಲು ಎಷ್ಟು ನಮ್ಮವರನ್ನು ಹೊಡೆದು ಹಾಕಿದೆನೋ ಲೆಕ್ಕವಿಲ್ಲ.

ಇನ್ನು ಗುಣ. ಅದನ್ನು ಹೇಳಬೇಕಾದರೆ ಮಾವನ ವಿಷಯಕ್ಕೆ ಬರಬೇಕು.

ಒಂದು ಮಧ್ಯಾಹ್ನ ಆಡುತ್ತಿದ್ದಾಗ ಬಾಗಿಲಲ್ಲಿ ನೆರಳು ಕಂಡಿತು. ಮಾವ. ಧಡಕ್ಕನೆ ಎದ್ದು ನಿಂತೆ. ಬೈಯುತ್ತಾರೆ ಅಂದುಕೊಂಡೆ. ಅವರು ಟಿ.ವಿ.ಯನ್ನು ನೋಡಿದರು, ನೆಲದ ಮೇಲೆ ಬಿದ್ದಿದ್ದ ಇನ್ನೊಂದು ಕೋಲನ್ನು ನೋಡಿದರು. ಆಮೇಲೆ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ, "ಅದು ಯಾರಿಗೆ ಇನ್ನೊಂದು?" ಎಂದು ಕೇಳಿದರು.

"ಇಬ್ರು ಆಡೋದು ಮಾವ," ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತು ಕೋಲನ್ನು ಕೈಗೆ ತೆಗೆದುಕೊಂಡರು. ಎಡಕ್ಕೆ ಹಟ ಹಿಡಿಯುವ ಕೋಲೇ ಅವರ ಪಾಲಿಗೆ ಬಂತು. ನಾನು ಕುರ್ಚಿಯ ಹಿಂದೆ ನಿಂತುಕೊಂಡೇ ಆಡಿದೆ.

ಆ ಆಟದ ದೊಡ್ಡ ಗುಣ ಏನೆಂದರೆ, ಇಬ್ಬರು ಆಡುವಾಗ ಒಬ್ಬರ ಹಡಗು ಏಟು ತಿಂದರೆ ಅಲ್ಲಿಗೆ ಮುಗಿಯುವುದಿಲ್ಲ. ಅದು ಕೆಳಗೆ ಬಿದ್ದು ಮಿಣುಕುತ್ತಿರುತ್ತದೆ. ಇನ್ನೊಬ್ಬರು ಬಂದು ಮುಟ್ಟಿದರೆ ಮತ್ತೆ ಜೀವ ಬರುತ್ತದೆ. ಆದರೆ ಬೇಗ ಬರಬೇಕು. ಬೇಗ ಬರಬೇಕಾದರೆ ಕರೆಯಬೇಕು. ಕ್ಯಾಲೆಂಡರನ್ನೋ ಕಂಬವನ್ನೋ ಕರೆದರೆ ಅದು ಬಂದು ಹಡಗು ಎತ್ತುತ್ತದೆಯೇ? ಮಾವ ಒಂದೆರಡು ಸಲ ಗಂಟಲು ಕೆರೆದು ನೋಡಿದರು, ಸತ್ತರು. ಮೂರನೆಯ ಸಲ ಬಾಯಿ ಬಿಟ್ಟೇಬಿಟ್ಟರು.

"ಬಾಮ್ಮಾ! ಬೇಗ ಬಾಮ್ಮಾ, ಎತ್ತು ನನ್ನ!"

ಆ ಮನೆಗೆ ಬಂದು ವರ್ಷವಾಗುತ್ತಾ ಬಂದಿತ್ತು. ನನ್ನನ್ನು 'ಬಾ' ಎಂದು ಕರೆದದ್ದು ಅದೇ ಮೊದಲು.

ಅಲ್ಲಿಂದ ಪ್ರತಿ ಮಧ್ಯಾಹ್ನ ಅದೇ ನಮ್ಮ ಕೆಲಸ. ನೆಟ್ಟಗೆ ಇಳಿಯುವ ಹಡಗುಗಳು ಶತ್ರುಗಳವು, ತೂಗಾಡುತ್ತಾ ಇಳಿಯುವವು ನಮ್ಮವರವು ಎಂಬುದನ್ನು ನಾನೇ ಕಂಡುಹಿಡಿದೆ. ಹೇಳಿದಾಗ ಮಾವ ಸ್ವಲ್ಪ ಯೋಚಿಸಿ, "ಅದು ಸರಿನೇ ಕಣಮ್ಮಾ. ನಮ್ ಗಿರಣೀಲೂ ಸಂಬಳದ ದಿನ ಸಾಯಂಕಾಲ ತೂಗಾಡ್ತಾ ಬರೋರೆಲ್ಲ ನಮ್ಮೋರೇ ಆಗಿರ್ತಿದ್ರು" ಎಂದರು. ನಾನು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕೆ. ಅವರೂ ಕೆಮ್ಮು ಬರುವವರೆಗೆ ನಕ್ಕರು. ಅಷ್ಟರಲ್ಲಿ ಇಬ್ಬರ ಹಡಗೂ ಹೋಗಿತ್ತು.

ಆದರೆ ಒಂದು ವಿಷಯ. ಪೆಟ್ಟಿಗೆ ಆರಿಸಿದ ಕೂಡಲೇ ಮಾತೂ ಆರುತ್ತಿತ್ತು. ಮಾವ ಎದ್ದು ವರಾಂಡಕ್ಕೆ, ನಾನು ಒಳಕ್ಕೆ. ಕಾಫಿ ಹೊತ್ತಿಗೆ ಅವರು ಮತ್ತೆ ಕಂಬಕ್ಕೇ ಹೇಳುತ್ತಿದ್ದರು. 'ಬಾ', 'ಎತ್ತು', 'ಎಡಕ್ಕೆ', 'ಹುಷಾರು' ಬಿಟ್ಟು ಬೇರೆ ಮಾತು ನಮ್ಮ ಬಳಿ ಇರಲಿಲ್ಲ. ಇರಲಿ ಬಿಡು, ಇಷ್ಟಾದರೂ ಇದೆಯಲ್ಲ ಎಂದುಕೊಂಡೆ. ಬೆಳಿಗ್ಗೆಯಿಂದ ಆ ಹೊತ್ತಿಗಾಗಿ ಕಾಯುತ್ತಿದ್ದೆ. ಗಂಡ ಶಿಫ್ಟಿಗೆ ಹೊರಡುವುದು ತಡವಾದರೆ ಒಳಗೊಳಗೇ ಸಿಡಿಮಿಡಿಗೊಳ್ಳುತ್ತಿದ್ದೆ. ಎಂಥ ಹೆಂಡತಿ ನೋಡಿ!

ನವರಾತ್ರಿ ಬಂತು. ಆಯುಧಪೂಜೆಯ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದಾಗ ಮಾವ ನಡುಮನೆಯಲ್ಲಿ ಚಾಪೆ ಹಾಸಿ ಕೂತಿದ್ದರು. ಅವರ ಹಳೆಯ ಸ್ಪ್ಯಾನರು, ಸುತ್ತಿಗೆ, ನನ್ನ ಈಳಿಗೆಮಣೆ, ಗಂಡನ ಸ್ಕೂಟರ್ ಕೀ, ಎಲ್ಲದರ ನಡುವೆ ಪೀಠದ ಮೇಲೆ ಆ ಕಪ್ಪು ಪೆಟ್ಟಿಗೆ. ಗಿರಣಿಯಲ್ಲಿ ಇಡೀ ವಯಸ್ಸು ಕಳೆದ ಮನುಷ್ಯರು. ಆಯುಧಪೂಜೆ ಎಂದರೆ ಅಲ್ಲಿ ಯಂತ್ರಗಳನ್ನೆಲ್ಲ ತೊಳೆದು, ಎಣ್ಣೆ ಬಿಟ್ಟು, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂಬ ಕಟ್ಟುವುದು. ನಿವೃತ್ತಿಯಾದ ಮೇಲೆ ಪೂಜೆ ಮಾಡಲು ಅವರದೇ ಎಂಬ ಯಂತ್ರ ಇರಲಿಲ್ಲ. ಈಗ ಒಂದು ಸಿಕ್ಕಿತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿ, ಹಟಮಾರಿ ಕೋಲಿನ ಬುಡಕ್ಕೆ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟು, ಮೈಗೆಲ್ಲ ಅರಿಶಿನ ಬಳಿದು, ನೆತ್ತಿಯ ಸೀಳಿಗೆ ಸರಿಯಾಗಿ ಕುಂಕುಮವಿಟ್ಟು, ಅದರ ಮೇಲೆ ಸೇವಂತಿಗೆ ಸಿಗಿಸಿದ್ದರು. ನಾನು ಅಯ್ಯೋ ಅನ್ನುವಷ್ಟರಲ್ಲಿ ಕಳಶದ ನೀರಿನಲ್ಲಿ ಮಾವಿನೆಲೆ ಅದ್ದಿ ಚಿಮುಕಿಸಿಯೂ ಆಯಿತು. ಅವರ ಮುಖದಲ್ಲಿ ಅಷ್ಟು ತೃಪ್ತಿಯನ್ನು ನಾನು ಕಂಡಿರಲಿಲ್ಲ.

ಪೂಜೆಗೆ ಇಟ್ಟಿದ್ದನ್ನು ಆ ದಿನ ಬಳಸುವ ಹಾಗಿಲ್ಲ. ವಿಜಯದಶಮಿಯ ದಿನ ಪೀಠ ಅಲುಗಿಸಿ, ತೆಗೆದು, ಟಿ.ವಿ.ಗೆ ಸಿಗಿಸಿದೆವು. ಪರದೆಯ ತುಂಬ ಬಿಳಿ ಚುಕ್ಕೆಗಳ ಜಾತ್ರೆ, ಗುಂಯ್ ಎಂಬ ಸದ್ದು. ಹಡಗಿಲ್ಲ, ಶತ್ರುವಿಲ್ಲ, ನಮ್ಮವರೂ ಇಲ್ಲ. ಡಬ್ಬಿ ಕಿತ್ತು ಊದಿದೆ. ಒಳಗಿಂದ ಕುಂಕುಮದ ಕೆಸರು ಬಂತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಬ್ಬಿಣದ ಯಂತ್ರಕ್ಕೂ ಇದಕ್ಕೂ ವ್ಯತ್ಯಾಸ ಬೇಡವೇ, ನೀರು ಹಾಕುತ್ತಾರೆಯೇ ಎಂದು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದೆ. ಆಮೇಲೆ ಸ್ಟವ್ ಮುಂದೆ ಕೂತು ಅತ್ತುಬಿಟ್ಟೆ. ಗಂಡ, "ಒಳ್ಳೇದೇ ಆಯ್ತು ಬಿಡು, ಕಣ್ಣಾದ್ರೂ ಉಳೀತು" ಎಂದರು. ಮಾವ ಪೆಟ್ಟಿಗೆಯನ್ನು ಕೈಚೀಲದಲ್ಲಿ ಹಾಕಿಕೊಂಡು ರಾಜಾಜಿನಗರ, ವಿಜಯನಗರ, ಮಾಗಡಿ ರಸ್ತೆ, ಎಲ್ಲೆಲ್ಲಿ ರೇಡಿಯೋ ರಿಪೇರಿ ಅಂಗಡಿ ಇದೆಯೋ ಅಲ್ಲೆಲ್ಲ ಬಿಸಿಲಲ್ಲಿ ತಿರುಗಿದರು. ಒಂದು ಸಂಜೆ ಬಂದು ಚೀಲವನ್ನು ಅಟ್ಟದ ಮೇಲಿಟ್ಟು, ಕಂಬಕ್ಕೆ "ಫಾರಿನ್ ಮಾಲಂತೆ. ಇಲ್ಲಿ ಆಗಲ್ವಂತೆ" ಎಂದರು.

ಮತ್ತೆ ಬಂಗಾರದ ರಾಶಿ. ಮೊದಲಿಗಿಂತ ಕೆಟ್ಟದಾಗಿತ್ತು. ಮೊದಲು ರುಚಿ ಗೊತ್ತಿರಲಿಲ್ಲ, ಈಗ ಗೊತ್ತಿತ್ತು. ಮಧ್ಯಾಹ್ನ ಆಯಿತೆಂದರೆ ಅವರ ಕುರ್ಚಿ ಕಿರುಗುಟ್ಟುವುದು ನನಗೆ ಕೇಳುತ್ತಿತ್ತು, ನನ್ನ ಬಳೆ ಸದ್ದು ಅವರಿಗೆ ಕೇಳುತ್ತಿದ್ದಿರಬೇಕು. ಅಷ್ಟೇ. ದೀಪಾವಳಿಗೆ ತೌರಿಗೆ ಹೋದರೆ ವಾಪಸ್ಸು ಬರುವುದೇ ಬೇಡ ಎಂದೂ ಮನಸ್ಸಿನಲ್ಲಿ ಬಂದುಹೋಯಿತು.

ಹೀಗಿರುವಾಗ ಒಂದು ಸಂಜೆ ಹಾಲು ಕಾಯಿಸುತ್ತಾ ನಿಂತಿದ್ದೆ. ಹಿಂದೆ ಗಂಟಲು ಕೆರೆದ ಸದ್ದಾಯಿತು. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಮಾವ! ಅಲ್ಲಿಯವರೆಗೆ ಅವರು ಎಂದೂ ಬಂದವರಲ್ಲ. ನೀರು ಬೇಕೇನೋ ಎಂದು ಲೋಟಕ್ಕೆ ಕೈಹಾಕಿದೆ. ಅವರು ಕ್ಯಾಲೆಂಡರಿಲ್ಲದ, ಕಂಬವಿಲ್ಲದ ಆ ಬಾಗಿಲಲ್ಲಿ ನಿಂತು, ನನ್ನನ್ನೇ ನೋಡಿ ಕೇಳಿದರು.

"ನಿಮ್ ಮನೇಲಿ, ಕೆಂಗೇರೀಲಿ... ಸಂಜೆ ಹೊತ್ತು ಏನ್ ಮಾಡ್ತಿದ್ರಮ್ಮಾ ನೀವೆಲ್ಲ?"

ನನ್ನ ಬಗ್ಗೆ ಆ ಮನೆಯಲ್ಲಿ ಯಾರೂ ಏನೂ ಕೇಳಿರಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾದ ಮಾತು. ನಾನು ಏನು ಹೇಳಿದೆ ಗೊತ್ತೇ?

"ಏನಿಲ್ಲ ಮಾವ. ಹಿಂಗೇ."

"ಓ," ಎಂದರು. ಹೊರಟುಹೋದರು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ! ಸೊಸೆಯರ ಬಾಯಲ್ಲಿ ಅದೊಂದು ಮಾತು ತಾನಾಗಿಯೇ ಕೂತುಬಿಟ್ಟಿರುತ್ತದೆ, ಏನಿಲ್ಲ, ಏನೂ ಇಲ್ಲ. ಹಾಲು ಉಕ್ಕಿ ಸ್ಟವ್ ಮೇಲೆಲ್ಲ ಹರಿಯಿತು. ಆರಿಸಿ, ಕೈ ಒರೆಸಿಕೊಂಡು ವರಾಂಡಕ್ಕೆ ಹೋದೆ.

ಮಾವ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದರು. ನಿದ್ದೆಯೋ ಏನೋ. ಆಗಲಿ, ನಿದ್ದೆಯಾದರೂ ಸರಿಯೇ, ಇವತ್ತು ಹೇಳಿಯೇ ತೀರುತ್ತೇನೆ ಎಂದು ಶುರುಮಾಡಿದೆ. ನಮ್ಮ ಮನೆ ಸ್ಟೇಷನ್ನಿಗೆ ಹತ್ತಿರ ಮಾವ, ಎಂದೆ. ಅಪ್ಪ ಸಂಜೆ ರೈಲಿಗೆ ಬರ್ತಿದ್ರು. ಅಮ್ಮ, ನಾನು, ತಂಗಿ ಜಗಲಿ ಮೇಲೆ ಅವರೆಕಾಯಿ ಸುಲೀತಾ ಕಾಯ್ತಿದ್ವಿ. ರೈಲು ಕೂಗಿದ ಮೇಲೆ ಅಪ್ಪನ ಕೆಮ್ಮು ಮೊದಲು ಕೇಳೋದು, ಆಮೇಲೆ ಅಪ್ಪ ಕಾಣೋರು. ತಂಗಿ ಕಾಳಿಗಿಂತ ಹುಳ ಜಾಸ್ತಿ ಹುಡುಕ್ತಿದ್ಲು, ಹುಳ ಸಿಕ್ಕಿದ್ರೆ ನನ್ನ ಬೆನ್ನೊಳಗೆ ಬಿಡ್ತಿದ್ಲು. ಒಂದಿನ ಹಾಗೆ ಮಾಡಿ, ನಾನು ಕಿರುಚಿಕೊಂಡು, ಮೊರ ಪೂರ್ತಿ ಚರಂಡಿಗೆ ಬಿತ್ತು. ಅಪ್ಪ ಬಂದು ನೋಡ್ತಾರೆ, ಮೂರೂ ಜನ ಚರಂಡೀಲಿ ಕಾಳು ಆರಿಸ್ತಾ ಇದೀವಿ...

ಅಷ್ಟಕ್ಕೆ ಅಪ್ಪನ ಮುಖ ಕಣ್ಣಿಗೆ ಕಟ್ಟಿ ಮುಂದೆ ಹೇಳಲಾಗಲಿಲ್ಲ. ರಸ್ತೆಯಲ್ಲಿ ಯಾವುದೋ ಆಟೋ ಹೋಯಿತು. ನಿದ್ದೆ ಮಾಡುವವರ ಮುಂದೆ ಇದೆಂಥ ಹುಚ್ಚಾಟ ಎಂದು ನಾಚಿಕೆಯಾಗಿ, ಒಳಗೆ ಹೋಗಲು ತಿರುಗಿದೆ.

ಮಾವ ಕಣ್ಣು ತೆರೆಯಲಿಲ್ಲ.

"ಆಮೇಲೆ?" ಎಂದರು.