ಅವ್ವ ನಾಟಕಕ್ಕೆ ನಾಟಿ ಕಲಿಸಿದ್ದು

ಹೊನ್ನಾಳಿಯಲ್ಲಿ ಲೈನ್‌ಮನ್ ಆಗಿರುವ ನನ್ನ ತಮ್ಮ ಕಳೆದ ಏಪ್ರಿಲ್‌ನಲ್ಲಿ ಫೋನ್ ಮಾಡಿದ. "ಅಕ್ಕಾ, ಇಲ್ಲಿ ಹೈಸ್ಕೂಲ್ ಮೈದಾನದಾಗೆ ಬೇಸಿಗೆ ನಾಟಕೋತ್ಸವ ಐತೆ. ಅವ್ವನ್ನ ಕರ್ಕಂಡು ಬಾ."

ನಾನು ಜಗಳೂರಿನ ಸರ್ಕಾರಿ ಶಾಲೆಯಲ್ಲಿ ಟೀಚರ್. ರಜೆ ಶುರುವಾಗಿತ್ತು. ಏಳನೇ ಕ್ಲಾಸು ಮುಗಿಸಿದ್ದ ಮಗಳು ಫೋನ್ ಇಡುವಷ್ಟರಲ್ಲಿ ಬ್ಯಾಗು ತುಂಬತೊಡಗಿದಳು. ಒಪ್ಪಿಸಲು ಕಷ್ಟವಾದದ್ದು ಅವ್ವನನ್ನೇ.

"ಹೊನ್ನಾಳಿ ನಾನು ನೋಡಿಲ್ಲೇನು? ಎಷ್ಟು ಮಳೆಗಾಲ ಅಲ್ಲಿ ನಾಟಿ ಮಾಡೀನಿ" ಎಂದಳು.

ನಿಜವೇ. ನಮ್ಮದು ಜೋಳ, ಶೇಂಗಾ ಬೆಳೆಯುವ ಒಣಭೂಮಿ. ನಾಲೆ ನೀರಿನ ಸೀಮೆಯಲ್ಲಿ ಭತ್ತದ ನಾಟಿ ಶುರುವಾಯಿತೆಂದರೆ ನಮ್ಮ ಕೇರಿಯ, ಅಕ್ಕಪಕ್ಕದ ಊರುಗಳ ಹೆಂಗಸರು ಗುಂಪು ಕಟ್ಟಿಕೊಂಡು, ಲಾರಿ ಹತ್ತಿ ಹೊನ್ನಾಳಿಗೋ ಚನ್ನಗಿರಿಗೋ ಹೊರಡುತ್ತಿದ್ದರು. ಅವ್ವ ಆ ಗುಂಪಿನ ಮುಂದಾಳು. ನಾನೂ ತಮ್ಮನೂ ಓದಿ ನೌಕರಿ ಹಿಡಿದದ್ದು ಆ ನಾಟಿಯ ದುಡಿಮೆಯಿಂದ.

ನಾಟಕದ ಬಗ್ಗೆ ಅವ್ವನಿಗೆ ಇನ್ನೊಂದು ಹಳೆಯ ಸಿಟ್ಟೂ ಇತ್ತು. ಅವಳು ಹುಡುಗಿಯಾಗಿದ್ದಾಗ ಊರಿನಲ್ಲಿ ನಾಟಕವಾದರೆ ನಮ್ಮ ಕೇರಿಯವರು ಮುಂದೆ ಕೂರುವಂತಿರಲಿಲ್ಲ. ರಂಗದ ಹಿಂಬದಿಯಲ್ಲಿ, ಗಾಡಿಗಳು ನಿಲ್ಲುವ ಕಡೆ ಜಾಗ. ಹಾಡೆಲ್ಲ ಕಿವಿಗೆ ಬೀಳುತ್ತಿತ್ತು, ಅವ್ವನಿಗೆ ಅವೆಲ್ಲ ಬಾಯಿಪಾಠ. "ರಾಜನ ಬೆನ್ನು ನೋಡೀನಿ, ಮುಖ ನೋಡಿಲ್ಲ" ಎನ್ನುತ್ತಿದ್ದಳು.

ಕೊನೆಗೆ ಮೊಮ್ಮಗಳ ಹಟಕ್ಕೆ ಸೋತು ಹೊರಟಳು. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ. ನಾವು ಮೂವರು ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಹೊನ್ನಾಳಿ ಸೇರಿದೆವು.

ಮೊದಲ ಸಂಜೆ ಮೈದಾನಕ್ಕೆ ಕಾಲಿಟ್ಟ ಕೂಡಲೇ ಅವ್ವ ಕೊನೆಯ ಸಾಲಿನತ್ತ ನಡೆದಳು. ಮಗಳು ಆಗಲೇ ಎಲ್ಲರಿಗಿಂತ ಮುಂದೆ ಹೋಗಿ, "ಅಜ್ಜೀ, ಇಲ್ಲಿ ಖಾಲಿ ಐತೆ ಬಾ" ಎಂದು ಕೂಗಿದಳು. ಅವ್ವ ಹತ್ತಿರ ಹೋದಳು, ಆದರೆ ಕೂರಲಿಲ್ಲ. ಕುರ್ಚಿ ಜೋಡಿಸುತ್ತಿದ್ದ ಹೆಂಗಸನ್ನು ಕೇಳಿದಳು: "ಇಲ್ಲಿ ಯಾರು ಕುಂದ್ರಬೇಕ್ರಿ?"

"ಮೊದ್ಲು ಬಂದೋರು ಕುಂದ್ರಬೇಕ್ರಿ. ನೀವೇ ಮೊದ್ಲು ಬಂದೀರಿ, ಕುಂದ್ರಿ."

ಅವ್ವ ಸೆರಗು ಸರಿಮಾಡಿಕೊಂಡು ನಡುಮಧ್ಯದ ಕುರ್ಚಿಯಲ್ಲಿ ಕೂತಳು. ಅಂದು ರಾಜರಾಣಿಯರ ನಾಟಕ. ರಾಜ ಬಂದು ನಿಂತಾಗ ಅವನ ಮುಖವನ್ನೇ ನೋಡುತ್ತ ನನ್ನ ಕಡೆ ಬಾಗಿ, "ಎಷ್ಟು ಬಣ್ಣ ಬಡ್ಕಂತಾರಲ್ಲೇ!" ಎಂದಳು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಮಂಡಕ್ಕಿ ಮೆಲ್ಲುತ್ತ ರಾಜನ ನಡಿಗೆಯನ್ನು ಮೊಮ್ಮಗಳಿಗೆ ಮಾಡಿ ತೋರಿಸಿದಳು.

ಎರಡನೆಯ ದಿನದ ನಾಟಕ ಕೂಲಿ ಹೆಂಗಸರದು. ಆರೇಳು ಹುಡುಗಿಯರು ಗದ್ದೆಯಲ್ಲಿ ನಾಟಿ ಮಾಡುತ್ತ ತಮ್ಮ ಬದುಕನ್ನು ಹೇಳಿಕೊಳ್ಳುವ ಕಥೆ. ಕೊನೆಯ ದೃಶ್ಯದಲ್ಲಿ ಸುಗ್ಗಿ. ನನಗೆ ಬಹಳ ಹಿಡಿಸಿತು, ಒಂದೆರಡು ಕಡೆ ಕಣ್ಣೊರೆಸಿಕೊಂಡೆ. ಅವ್ವ ಮಾತ್ರ ಕುರ್ಚಿಯ ಅಂಚಿನಲ್ಲಿ ಕೂತು ಚಡಪಡಿಸುತ್ತಿದ್ದಳು. "ಏನಾತವ್ವ?" ಎಂದರೆ "ಏನಿಲ್ಲ" ಎಂದಳು.

ನಾಟಕ ಮುಗಿದ ಮೇಲೆ ನಿರ್ದೇಶಕರು ರಂಗದ ಮೇಲೆ ಬಂದು, ನೋಡಿದವರು ಅನಿಸಿದ್ದನ್ನು ಹೇಳಬಹುದು ಎಂದರು. ಇಬ್ಬರು ಎದ್ದು ಹೊಗಳಿದರು. ಮೂರನೆಯವಳಾಗಿ ಅವ್ವ ಎದ್ದಳು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ: ನಾನು ಅವಳ ಸೆರಗು ಹಿಡಿದು ಜಗ್ಗಿದೆ. ದಿನಾ ಮಕ್ಕಳಿಗೆ "ಎದ್ದು ನಿಂತು ಧೈರ್ಯವಾಗಿ ಮಾತಾಡಿ" ಎನ್ನುವ ನಾನೇ, "ಕುಂದ್ರವ್ವ, ಎಲ್ರೂ ನೋಡ್ತಾರೆ" ಎಂದೆ.

"ನೋಡ್ಲಿ. ಕೈ ಬಿಡು" ಎಂದಳು. ಯಾರೋ ಮೈಕು ತಂದುಕೊಟ್ಟರು. ಅವಳು ಅದನ್ನು ಕುಡುಗೋಲು ಹಿಡಿದಂತೆ ಬಿಗಿಯಾಗಿ ಹಿಡಿದಳು.

"ನಾಟಕ ಚಂದ ಐತಪ್ಪಾ. ಹುಡ್ಗೀರು ಚಂದ ಹಾಡ್ಯಾರೆ. ಆದ್ರೆ ನಾಟಿ ಮಾಡೋರು ಮುಂದಕ್ಕೆ ನಡೀತಾರೇನು? ಹಚ್ಚಿದ ಸಸೀನೆಲ್ಲ ತುಳ್ಕಂತ ಹೋದ್ರಲ್ಲ! ನಾಟಿ ಅಂದ್ರೆ ಹಿಂದಕ್ಕೆ ನಡಿಯೋದು."

ನಾನು ತಲೆ ತಗ್ಗಿಸಿದೆ. ಮೊದಲು ಹೊಗಳಿದ್ದವರಲ್ಲಿ ಒಬ್ಬರು ಕೂತಲ್ಲಿಂದಲೇ, "ಅಮ್ಮಾ, ನಾಟಕದಲ್ಲಿ ಅದೆಲ್ಲ ಸಾಂಕೇತಿಕ. ನಿಜವಾದ ನಾಟಿ ಅಲ್ಲ" ಎಂದರು.

ಅವ್ವ ಅವರ ಕಡೆ ತಿರುಗಿದಳು. "ಅದೇನೋ ನನಗೆ ಗೊತ್ತಿಲ್ರಿ. ಸಸಿ ಎಲ್ಲ ತುಳಿದು ಸಾಯಿಸಿದ ಮ್ಯಾಲೆ, ಕೊನೀಗೆ ಭತ್ತ ಎಲ್ಲಿಂದ ಬಂತು?"

ಹಿಂದಿನ ಸಾಲುಗಳ ಹೆಂಗಸರು ಗೊಳ್ಳೆಂದು ನಕ್ಕರು. "ಹೌದ್ ಹೌದು, ಸರಿಯಾಗಿ ಕೇಳಿದ್ರಿ" ಎಂದು ಕೂಗಿದರು. ಚಪ್ಪಾಳೆ ಹಿಂದಿನಿಂದ ಶುರುವಾಗಿ ಮುಂದಿನ ಸಾಲಿನವರೆಗೆ ಬಂತು. ನಿರ್ದೇಶಕರು ನಗಲಿಲ್ಲ. ರಂಗದಿಂದ ಇಳಿದು ಅವ್ವನ ಮುಂದೆ ಬಂದು ನಿಂತರು.

"ಅವ್ವಾರೇ, ನಮ್ಮಾಗೆ ಯಾರೂ ಗದ್ದೆಗೆ ಇಳಿದೋರಿಲ್ಲ. ನಾಳಿದ್ದು ಚನ್ನಗಿರಿಯಾಗೆ ಇದೇ ನಾಟಕ ಐತೆ. ನಾಳೆ ಬೆಳಿಗ್ಗೆ ಬಂದು ಕಲಿಸಿಕೊಡ್ತೀರೇನು?"

"ಬರ್ತೀನಿ" ಎಂದಳು ಅವ್ವ. ನನ್ನನ್ನು ಕೇಳಲೂ ಇಲ್ಲ.

ಬೆಳಿಗ್ಗೆ ಎಂಟಕ್ಕೆ ನಾವು ಹೋದಾಗ ಹುಡುಗಿಯರು ಸಾಲಾಗಿ ಕಾಯುತ್ತಿದ್ದರು. ಸಸಿಯ ಬದಲು ಹುಲ್ಲು ತರಿಸಿ, ಮೈದಾನದ ಮೂಲೆಯಲ್ಲಿ ಮಣ್ಣು ನೆನೆಸಿ ಇಟ್ಟಿದ್ದರು. ಅವ್ವ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿಕೊಂಡಳು. ಮಾತಿಗಿಂತ ಮೊದಲು ಬಗ್ಗಿದಳು. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈಯ ಮೂರು ಬೆರಳಲ್ಲಿ ಎರಡೆರಡೇ ಎಸಳು, ಒಂದು ಒತ್ತು, ಒಂದು ಹೆಜ್ಜೆ ಹಿಂದಕ್ಕೆ. ಅವಳು ಗದ್ದೆಗೆ ಇಳಿಯುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಆದರೂ ಅವಳ ಕೈ ಎಲ್ಲೂ ತಡೆಯಲಿಲ್ಲ.

"ಚುಚ್ಚಬ್ಯಾಡ್ರೇ, ಒತ್ತಬೇಕು. ಪಕ್ಕದೋಳ ಸಾಲು ನೋಡ್ಕಂತ ಹೋಗ್ರಿ. ಒಬ್ಬಾಕಿ ಹಿಂದೆ ಬಿದ್ರೆ ಎಲ್ರೂ ನಿಲ್ಬೇಕು."

ಅರ್ಧ ಗಂಟೆ ಯಾರಿಗೂ ತಲೆ ಎತ್ತಲು ಬಿಡಲಿಲ್ಲ. ನ್ಯಾಮತಿಯಿಂದ ಬಂದಿದ್ದ ನಟಿಯೊಬ್ಬಳು ಸೊಂಟ ಹಿಡಿದುಕೊಂಡು, "ಅಜ್ಜೀ, ಸಾಕ್ರೀ, ನಡು ಮುರೀತು" ಎಂದಳು.

ಅವ್ವ ಅವಳ ಗಲ್ಲ ಹಿಡಿದು ಮೇಲೆತ್ತಿ ನೋಡಿದಳು. "ಈಗ ಬಂತು ನೋಡು ನಾಟಿ ಮಾಡೋಳ ಮುಖ! ನಿನ್ನೆ ಇದು ಇರ್ಲಿಲ್ಲ."

ನನ್ನ ಮಗಳು ಸಾಲಿನ ತುದಿಯಲ್ಲಿ ಸೇರಿಕೊಂಡಿದ್ದಳು. ಅವಳನ್ನು ನೋಡಿ ನಾನೂ ಬಗ್ಗಿದೆ. ಅವ್ವ ನನ್ನನ್ನು ಒಂದು ದಿನವೂ ಗದ್ದೆಗೆ ಇಳಿಸಿದವಳಲ್ಲ. ಒಮ್ಮೆ ಹಟ ಮಾಡಿದಾಗ ಪುಸ್ತಕದ ಚೀಲವನ್ನೇ ಕೈಗೆ ತುರುಕಿ ಶಾಲೆಗೆ ಅಟ್ಟಿದ್ದಳು. ಈಗ ಪಕ್ಕಕ್ಕೆ ಬಂದು ನನ್ನ ಬೆರಳುಗಳನ್ನು ತಾನೇ ಜೋಡಿಸಿದಳು. "ನಿನಗೂ ಗೊತ್ತಿರ್ಲಿ ಬಿಡು" ಎಂದಳು. ಹತ್ತೇ ನಿಮಿಷಕ್ಕೆ ನನ್ನ ತೊಡೆ ನಡುಗಿತು. ಇದನ್ನು ಮೊಣಕಾಲುದ್ದ ಕೆಸರಿನಲ್ಲಿ, ಮಳೆಯಲ್ಲಿ, ಬೆಳಗಿನಿಂದ ಸಂಜೆಯವರೆಗೆ ಮಾಡಿದವಳ ಸೆರಗನ್ನು ನಾನು ಹಿಂದಿನ ಸಂಜೆ ಜಗ್ಗಿದ್ದೆ.

ಆಮೇಲೆ ಅವಳು ಹಾಡನ್ನೂ ಬಿಡಲಿಲ್ಲ. "ನಿಮ್ಮ ಹಾಡು ನಿಂತು ಹಾಡೋದು. ಬಗ್ಗಿದಾಗ ಅಷ್ಟುದ್ದ ಉಸಿರು ಬರಲ್ಲ" ಎಂದು, ತಮ್ಮ ಗುಂಪಿನಲ್ಲಿ ಹಾಡಿಕೊಳ್ಳುತ್ತಿದ್ದುದನ್ನು ಎತ್ತಿದಳು.

"ಹಿಂದಕ್ಕ ಹೆಜ್ಜಿ ಇಡೇ ತಂಗಿ, ಹಸುರು ಮುಂದಕ ನಡೀಲಿ."

ಒಂದು ಸಾಲು ಒಬ್ಬಳು ಹೇಳಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ಹೇಳುವವಳು ಉಸಿರು ತಗೊಳ್ಳುವಷ್ಟರಲ್ಲಿ ಒಂದು ಸಸಿ ನೆಲ ಸೇರಬೇಕು. ನಿರ್ದೇಶಕರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, "ಇದನ್ನ ನಾಟಕದಾಗೆ ಹಾಕ್ಕೊಳ್ಳಬಹುದೇನ್ರಿ?" ಎಂದು ಕೇಳಿದರು.

"ಅದು ನನ್ನೊಬ್ಬಳದಲ್ಲ, ನಮ್ಮ ಗುಂಪಿಂದು. ಜಗಳೂರು ಕಡೆಯಿಂದ ನಾಟಿಗೆ ಬರ್ತಿದ್ದ ಹೆಂಗಸರ ಹಾಡು ಅಂತ ಎಲ್ರಿಗೂ ಕೇಳೋ ಹಂಗೆ ಹೇಳ್ಬೇಕು."

"ಹೇಳ್ತೀವಿ."

"ಹಂಗಾದ್ರೆ ತಗೊಳ್ರಿ."

ಮರುದಿನ ಸಂಜೆಗೆ ಮುಂಚೆ ನಾವು ಚನ್ನಗಿರಿಯಲ್ಲಿದ್ದೆವು. ತಮ್ಮನೂ ರಜೆ ಹಾಕಿ ಬಂದ. ರಜೆ ಸಿಗದ ನಮ್ಮ ಮನೆಯವರೂ ಅದು ಹೇಗೋ ಹೊಂದಿಸಿಕೊಂಡು ಜಗಳೂರಿನಿಂದ ಬಂದು ಸೇರಿದರು. ನಲ್ಲೂರು, ಉಬ್ರಾಣಿ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದ ಹೆಂಗಸರು ಮೈದಾನದಲ್ಲಿ ಜಮಖಾನೆಯ ತುಂಬ ಕೂತಿದ್ದರು.

ನಾಟಕ ಶುರುವಾಗುವ ಮುನ್ನ ನಿರ್ದೇಶಕರು ಹಾಡು ಯಾರದೆಂದು ಹೇಳಿದರು. ಅವ್ವ ಒಂದೊಂದು ಮಾತನ್ನೂ ಕಿವಿಯಿಟ್ಟು ಕೇಳಿ ತಲೆಯಾಡಿಸಿದಳು.

ನಾಟಿಯ ದೃಶ್ಯ ಬಂತು. ಹುಡುಗಿಯರು ರಂಗದ ಎಡಗಡೆಯಿಂದ ಬಲಗಡೆಗೆ, ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತ ಬಂದರು. ರಂಗದ ಮೇಲೆ ಹರಡಿದ್ದ ಹಸಿಮಣ್ಣಿನಲ್ಲಿ, ಅವರು ದಾಟಿ ಬಂದ ಕಡೆಯೆಲ್ಲ ಹಸಿರು ಸಾಲುಸಾಲಾಗಿ ಎದ್ದು ನಿಂತಿತು. ಜಮಖಾನೆಯ ಮೇಲೆ ಗುಜುಗುಜು ಎದ್ದಿತು. ಒಬ್ಬಳು ತಡೆಯಲಾರದೆ, "ಆ ತುದೀಗೆ ಸಾಲು ಸೊಟ್ಟ ಆತು, ನೆಟ್ಟಗೆ ಹಚ್ರೇ!" ಎಂದು ಕೂಗಿಯೇ ಬಿಟ್ಟಳು. ನಗು ಹಬ್ಬಿತು. ನ್ಯಾಮತಿಯ ನಟಿ ಬಗ್ಗಿದಲ್ಲಿಂದಲೇ, "ಆತು ಕಣಕ್ಕಾ, ಹಚ್ಚಿದೆ" ಎಂದಳು. ಹಾಡಿನ ಮೊದಲ ಸಾಲನ್ನು ನಟಿಯರು ತಿರುಗಿ ಹೇಳಿದರು. ಎರಡನೆಯ ಸಲಕ್ಕೆ ಜಮಖಾನೆಯ ಮೇಲಿನವರೂ ಸೇರಿಕೊಂಡರು. ಮೂರನೆಯ ಸಲ ಇಡೀ ಮೈದಾನ ಹಾಡುತ್ತಿತ್ತು. ನಟಿಯರ ದನಿ ಅದರಲ್ಲಿ ಮುಳುಗಿಹೋಯಿತು. ಅವ್ವ ಹಾಡಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು, ಸುತ್ತ ತಿರುಗಿ ತಿರುಗಿ ಆ ಹೆಂಗಸರನ್ನೇ ನೋಡಿದಳು.

ಮುಗಿದ ಮೇಲೆ ಅವಳನ್ನು ರಂಗಕ್ಕೆ ಕರೆದರು. ಈ ಸಲ ನಾನೇ ಕೈ ಹಿಡಿದು ಮೆಟ್ಟಿಲ ತನಕ ಬಿಟ್ಟುಬಂದೆ. ಮಾತಾಡಿ ಎಂದು ಮೈಕು ಕೊಟ್ಟರು. ಅವ್ವ ತನ್ನ ಗುಂಪಿನಲ್ಲಿದ್ದವರ ಹೆಸರು ಹೇಳತೊಡಗಿದಳು. ಒಂದು ಹೆಸರು, ಅವರ ಊರು, ಆಮೇಲೆ ಇನ್ನೊಂದು. ಅವರಲ್ಲಿ ಕೆಲವರು ಈಗ ಇಲ್ಲ. ಎರಡು ಹೆಸರು ಆಗುವಷ್ಟರಲ್ಲಿ ಇವರು ಆ ಹಾಡಿನ ಹೆಂಗಸರೆಂದು ಜನಕ್ಕೆ ತಿಳಿಯಿತು. ಆಮೇಲೆ ಪ್ರತಿ ಹೆಸರಿಗೂ ಚಪ್ಪಾಳೆ ಬಿತ್ತು. ನನ್ನ ತಮ್ಮ ಪಕ್ಕದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಎಲ್ಲ ಮುಗಿಸಿ ಮೆಟ್ಟಿಲಿಳಿದವಳು ಅರ್ಧಕ್ಕೆ ನಿಂತಳು. ತಿರುಗಿ ಮೇಲೆ ಹತ್ತಿ, ನಿರ್ದೇಶಕರ ಕೈಯಿಂದ ಮೈಕು ಇಸಿದುಕೊಂಡಳು.

"ಒಬ್ಬಾಕಿ ಮರ್ತಿದ್ದೆ. ಆಕಿ ನಾಟಿ ಮಾಡ್ತಿರ್ಲಿಲ್ಲ. ಬದುವಿನ ಮ್ಯಾಲೆ ಕುಂತು ನಮ್ಮೆಲ್ಲರಿಗೂ ರೊಟ್ಟಿ ಬಡೀತಿದ್ಲು" ಎಂದು ಆ ಹೆಸರನ್ನೂ ಹೇಳಿದಳು. ಜಮಖಾನೆಯ ಮೇಲಿದ್ದ ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.