ಲದ್ದಿಯಮ್ಮನ ಕೂಗು

ಊರಂಚಿನ ಸವಾರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಲದ್ದಿ ಬಾಚಿದವಳಿಗೆ ಲದ್ದಿಯಮ್ಮ ಅಂತಲೇ ಹೆಸರು ಬಿದ್ದಿತ್ತು. ಅವಳಿಗೇನೂ ಅದರಿಂದ ನಾಚಿಕೆಯಿರಲಿಲ್ಲ. "ಬಾಚೋಳು ನಾನು, ಮೂಗು ಮುಚ್ಕೊಳೋರು ನೀವು," ಅಂತ ಸವಾರಿ ಕಲಿಯಲು ಬರುವ ದೊಡ್ಡಮನುಷ್ಯರ ಮುಖಕ್ಕೇ ಅನ್ನುತ್ತಿದ್ದಳು. ಶಾಲೆ ಅಕ್ಕನ ಗಂಡನದು. ಹಾಗಾಗಿ ಬಾಯಿ ತುಸು ಉದ್ದವಾದರೂ ನಡೆಯುತ್ತಿತ್ತು.

ಒಂಬತ್ತು ಕುದುರೆ, ಒಂಬತ್ತು ಗೂಡು. ದಿನಕ್ಕೆ ಒಂದು ಗಂಟೆ ಸವಾರಿ, ಮಿಕ್ಕ ಹೊತ್ತೆಲ್ಲ ಗೋಡೆ. ಕಪ್ಪಿ ಅನ್ನುವ ಹೆಣ್ಣುಕುದುರೆ ಬಾಗಿಲ ಮರ ಕಚ್ಚಿ ಕಚ್ಚಿ ಗಾಳಿ ನುಂಗುತ್ತಿತ್ತು. ಕೆಂದ ಅನ್ನುವ ಗಂಡುಕುದುರೆ ನಿಂತಲ್ಲೇ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಭಾವ ಅದನ್ನು ಚಟ ಅನ್ನುತ್ತಿದ್ದ.

"ಚಟ ಅಲ್ಲ ಭಾವ, ಜೈಲು. ನಿಮ್ಮನ್ನ ಕಕ್ಕಸಲ್ಲಿ ಕೂಡಿಹಾಕಿ ಹೊತ್ತೊತ್ತಿಗೆ ಊಟ ತಳ್ಳಿದ್ರೆ ನೀವೂ ಬಾಗ್ಲು ಕಚ್ತೀರ."

ಮೂರು ವರ್ಷ ಜಗಳ ಕಾದು ಲಾಯದ ಹಿಂದಿನ ಆರೆಕರೆ ಬಯಲನ್ನು ಕುದುರೆಗಳಿಗೆ ಗಿಟ್ಟಿಸಿದಳು. ಗೂಡುಗಳ ಬಾಗಿಲು ಕೀಳಿಸಿದಳು, ಲಾಳ ಬಿಚ್ಚಿಸಿದಳು. ಒಣಹುಲ್ಲನ್ನು ಒಂದೇ ಕಡೆ ಸುರಿಯದೆ ಹನ್ನೆರಡು ಕಡೆ ಕಟ್ಟಿದಳು. ನೀರಿನ ತೊಟ್ಟಿಯನ್ನು ಆ ತುದಿಗಿಟ್ಟಳು. ತಿನ್ನಲೂ ನಡೆಯಬೇಕು, ಕುಡಿಯಲೂ ನಡೆಯಬೇಕು. ತೊಟ್ಟಿಯ ಸುತ್ತ ಹಾಸಿದ ಜಲ್ಲಿಯ ಮೇಲೆ ಓಡಾಡಿ ಗೊರಸು ತಾನಾಗಿ ಗಟ್ಟಿಯಾಯಿತು. ವರ್ಷ ತುಂಬುವುದರೊಳಗೆ ಕಪ್ಪಿ ಮರ ಕಚ್ಚುವುದು ಬಿಟ್ಟು ಹಿಂಡಿನ ಯಜಮಾನಿಯಾಯಿತು. ಅದು ಹೊರಟ ಕಡೆ ಉಳಿದ ಎಂಟೂ ಹೊರಡುತ್ತಿದ್ದವು.

ಅಷ್ಟು ಜಾಗದಲ್ಲಿ ಬಿಟ್ಟ ಮೇಲೆ ಹಿಡಿಯುವುದು ಹೇಗೆ? ಹಗ್ಗ ಬೀಸಿ ಅಟ್ಟುವಂತಿಲ್ಲ ಅನ್ನುವುದು ಅವಳ ಕಟ್ಟಪ್ಪಣೆ. ಬೇಲಿ ಬಳಿ ನಿಂತು "ಹೋಯ್... ಬರ್ರೇ" ಅಂತ ಎಳೆದು ಕೂಗುವಳು, ಅಷ್ಟೇ. ಬಂದವಕ್ಕೆ ಹಿಡಿ ಕಾಳು, ಬೆನ್ನು ತುರಿಕೆ, ಆಮೇಲೆ ಕೆಲಸ. ಕೂಗಿ ಮೋಸ ಮಾಡಿದ್ದು ಒಂದು ದಿನವೂ ಇಲ್ಲ. ಡಾಕ್ಟರು ಸೂಜಿ ಚುಚ್ಚಲು ಬಂದ ದಿನ ಕೂಗದೆ, ಆರೆಕರೆ ಸುತ್ತಿ ಒಂದೊಂದನ್ನೇ ಹಿಡಿದು ತರುತ್ತಿದ್ದಳು.

ಸುದ್ದಿ ಹಬ್ಬಿತು. ಬೇರೊಂದು ಪಟ್ಟಣದಲ್ಲಿ ಕುದುರೆ ಸಾಕುವವರ ಸಭೆಗೆ ಮಾತಾಡಲು ಅವಳಿಗೆ ಕರೆ ಬಂದಾಗ ಅವಳಿಗಿಂತ ಭಾವನಿಗೇ ಹುಮ್ಮಸ್ಸು. "ಎರಡ್ ದಿನ ತಾನೆ, ಹೋಗ್ಬಾರಮ್ಮ. ನಮ್ ಶಾಲೆ ಹೆಸ್ರು ಎದ್ದೇಳುತ್ತೆ."

ಹೊರಡುವ ಹೊತ್ತಿಗೆ ಅಕ್ಕ ಫೋನು ಹಿಡಿದು ಬಂದಳು. "ಲೇ, ನೀನಿಲ್ದಿದ್ರೆ ಅವು ನನ್ನನ್ನ ಕ್ಯಾರೆ ಅನ್ನಲ್ಲ. ಒಂದ್ಸಲ ಕೂಗೇ, ಇದ್ರಲ್ಲಿ ರೆಕಾರ್ಡ್ ಮಾಡ್ಕೋತೀನಿ. ಕಾಳು ತಿನ್ನೋಕಾದ್ರೂ ಬರ್ಲಿ."

ಕೂಗಿದಳು. ಗಾಳಿ ಸದ್ದು ಸೇರಿಕೊಂಡಿತು ಅಂತ ತಾನೇ ಎರಡನೇ ಸಲವೂ ಕೂಗಿದಳು.

ಸಭೆಯಲ್ಲಿ ಚಪ್ಪಾಳೆ ಬಿತ್ತು. ಮೂರನೇ ದಿನ ಬೆಳಗ್ಗೆ ಬಸ್ಸಿಳಿದು ಬಂದರೆ ಆರೆಕರೆಯ ಮೇಲೆ ರೋಲರ್ ಓಡುತ್ತಿತ್ತು. ಪಾರ್ಟಿ ಮಾಡುವವರಿಗೆ ಬಾಡಿಗೆ ಕೊಡುವ ಮೈದಾನವಂತೆ. ಗೂಡುಗಳಿಗೆ ಹೊಸ ಕಬ್ಬಿಣದ ಬಾಗಿಲು. ಒಂಬತ್ತೂ ಒಳಗೆ.

ಆಳುಗಳು ಯಾರೂ ಮುಖ ಕೊಡಲಿಲ್ಲ. ಹಿಂದೆ ಲಾಳ ಹೊಡೆಯುತ್ತಿದ್ದ ಮುದುಕನೊಬ್ಬ ಬಾಯಿಬಿಟ್ಟ: "ನಿನ್ ದನಿಗೇ ಬಂದ್ವು ಕಣಮ್ಮ. ಕಪ್ಪಿ ಮುಂದೆ, ಮಿಕ್ಕಿದ್ದು ಹಿಂದೆ. ನಿಮ್ಮಕ್ಕ ಲಾಯದೊಳಗೆ ಫೋನ್ ಹಿಡ್ಕೊಂಡು ನಿಂತಿದ್ರು. ಒಳಗೆ ಬಂದಿದ್ದೇ ತಡ, ಗೇಟು ಧಡಾರ್. ಆಮೇಲೆ ಕೋಲು ತಗೊಂಡು ಒಂದೊಂದನ್ನೇ ಗೂಡಿಗೆ ತಳ್ಳಿದ್ರು."

ಕಪ್ಪಿಯ ಗೂಡಿಗೆ ಹೋಗಿ ಮೆಲ್ಲಗೆ ಕೂಗಿದಳು. ಅದು ಕಿವಿ ಹಿಂದಕ್ಕೆ ಒತ್ತಿಕೊಂಡಿತು. ಕಪ್ಪಿ ಗೋಡೆ ಕಡೆ ತಿರುಗಿ ಅವಳಿಗೆ ಹಿಂಭಾಗ ಕೊಟ್ಟು ನಿಂತಿತು.

ಆಫೀಸು ಕೋಣೆಗೆ ನುಗ್ಗಿದಳು. ಅಕ್ಕ ರಸೀದಿ ಜೋಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಇನ್ನೇನೇ ಮಾಡ್ಲಿ? ಮೊದ್ಲೇ ಹೇಳಿದ್ರೆ ಒಪ್ತಿದ್ಯಾ ನೀನು?"

"ಒಪ್ತಿರ್ಲಿಲ್ಲ. ಅದಕ್ಕೇ ನನ್ ಗಂಟಲು ಕದ್ದೆ."

"ಕದ್ದೆ ಅನ್ಬೇಡ. ನೀನೇ ಕೊಟ್ಟಿದ್ದು."

ಉದ್ದ ಬಾಯಿಯ ಲದ್ದಿಯಮ್ಮ ಒಂದೇ ಮಾತು ಆಡಿದಳು: "ಅಳಿಸು."

ಅಕ್ಕ ಅಳಿಸಿ ಫೋನು ತೋರಿಸಿದಳು. ಕುರ್ಚಿಯಲ್ಲಿದ್ದ ಭಾವ ನಕ್ಕ. "ನನ್ನತ್ರಾನೂ ಇದೆ ಕಣಮ್ಮ. ಸುಮ್ನೆ ಯಾಕೆ ರಂಪ? ಬಂದು ದಣಿದಿದ್ದೀಯ, ಕೂತ್ಕೋ."

ಕೂರಲಿಲ್ಲ. ಕೆಲಸ ಬಿಟ್ಟು ಹೋಗುತ್ತಾಳೆ ಅಂತ ಆಳುಗಳೆಲ್ಲ ಅಂದುಕೊಂಡರು. ಅವಳು ಹೋಗಲೂ ಇಲ್ಲ. ಹೋದರೆ ಒಳಗಿರುವ ಒಂಬತ್ತಕ್ಕೆ ಯಾರಿದ್ದಾರೆ? ಸವಾರರು ಬರುವ ಮೊದಲು ಒಂದೊಂದನ್ನೇ ಹೊರತಂದು ರಸ್ತೆಬದಿಯ ಹುಲ್ಲಿಗೆ ಬಿಟ್ಟು, ಹಗ್ಗ ಹಿಡಿದು ನಿಲ್ಲುತ್ತಾಳೆ. ಅಕ್ಕನ ಜೊತೆ ಮಾತಿಲ್ಲ. ಕುದುರೆಗಳ ಜೊತೆಯೂ ಮಾತಿಲ್ಲ. ಬಾಯಿ ತೆರೆದರೆ ಅವು ಬೆಚ್ಚುತ್ತವೆ. ಕಪ್ಪಿಯ ಸರದಿಗೆ ಬಾಗಿಲು ತೆಗೆದಿಟ್ಟು ದೂರ ಸರಿಯುತ್ತಾಳೆ. ಅದು ಹೊರಗೆ ಕಾಲಿಡಲು ಕೆಲವು ದಿನ ಅರ್ಧ ಗಂಟೆ ಹಿಡಿಯುತ್ತದೆ. ಕೆಲವು ದಿನ ಬರುವುದೇ ಇಲ್ಲ.